‘ಹೋಗುತ್ತಿದ್ದೆ’ ಅಂದ್ರೆ ಇಂಗ್ಲಿಷಿನಲ್ಲಿ ಏನು?

“ಐ ವಾಸ್ ಗೋಯಿಂಗ್ ಟು ಮೈ ಗ್ರ್ಯಾಂಡ್‌ಮದರ್ಸ್ ಹೌಸ್ ಎವೆರಿ ಸಮ್ಮರ್.”

ಮಾಕ್ ಇಂಟರ್‌ವ್ಯೂ ಇರಲಿ, ಸೆಮಿನಾರ್ ಇರಲಿ, ಇಂಥ ಒಂದು ವಾಕ್ಯ ಬಂದೇ ಬರುತ್ತದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ ಅಂತಾರೆ. ಇನ್ಯಾರೋ “ಯೂಸ್ಡ್ ಟು ಗೋ ಅನ್ನಬೇಕು ಗುರು” ಅಂತ ತಿದ್ದುತ್ತಾರೆ. ತಿದ್ದಿದ್ದು ಸರಿ. ಆದರೆ “ಯಾಕೆ?” ಅಂತ ಕೇಳಿ ನೋಡಿ, ತಿದ್ದಿದವರ ಹತ್ತಿರವೂ ಉತ್ತರ ಇರುವುದಿಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವು ಕಿವಿಗೆ ಸರಿ ಅನಿಸಿದ್ದನ್ನು ಹೇಳುತ್ತೇವೆ, ಅಷ್ಟೇ. ಕನ್ನಡ ಮೀಡಿಯಂನಿಂದ ಬಂದ ಗೆಳೆಯರು ಮಾತ್ರ ಆ ನಗು ಕೇಳಿ ಮುಂದಿನ ಸಲ ಕೈ ಎತ್ತುವುದನ್ನೇ ಬಿಡುತ್ತಾರೆ.

ನಮ್ಮ ಅಭಿಪ್ರಾಯ ಇಷ್ಟು: ಈ ತಪ್ಪು ದಡ್ಡತನದಿಂದ ಹುಟ್ಟಿದ್ದಲ್ಲ, ಒಳ್ಳೆಯ ಕನ್ನಡದಿಂದ ಹುಟ್ಟಿದ್ದು. ಇದನ್ನು ಸರಿ ಮಾಡಿಕೊಳ್ಳುವ ಹತ್ತಿರದ ದಾರಿಯೂ ಕನ್ನಡದ ಮೂಲಕವೇ ಇದೆ.

ಈ ಎರಡು ವಾಕ್ಯ ನೋಡಿ. “ನೀನು ಫೋನ್ ಮಾಡಿದಾಗ ನಾನು ಕಾಲೇಜಿಗೆ ಹೋಗುತ್ತಿದ್ದೆ.” “ಚಿಕ್ಕಂದಿನಲ್ಲಿ ಪ್ರತಿ ಬೇಸಿಗೆಗೂ ಅಜ್ಜಿ ಮನೆಗೆ ಹೋಗುತ್ತಿದ್ದೆ.” ಮೊದಲನೆಯದು ಆ ಹೊತ್ತಿನಲ್ಲಿ ನಡೆಯುತ್ತಿದ್ದ ಕೆಲಸ, ಎರಡನೆಯದು ರೂಢಿ. ಕನ್ನಡ ಎರಡಕ್ಕೂ ಒಂದೇ ರೂಪ ಬಳಸುತ್ತದೆ. “ಪ್ರತಿ ಬೇಸಿಗೆಗೂ” ಅನ್ನೋ ಮಾತು ಇದ್ದರೆ ಸಾಕು, ನಮಗೆ ಗೊಂದಲವೇ ಇಲ್ಲ. ಇಂಗ್ಲಿಷ್ ಇವೆರಡನ್ನು ಬೇರೆ ಮಾಡುತ್ತದೆ. ಮೊದಲನೆಯದಕ್ಕೆ “ವಾಸ್ ಗೋಯಿಂಗ್”, ಎರಡನೆಯದಕ್ಕೆ “ಯೂಸ್ಡ್ ಟು ಗೋ” ಅಥವಾ ಬರೀ “ವೆಂಟ್”. ಹೌದು, “ಎವೆರಿ ಸಮ್ಮರ್ ವಿ ವೆಂಟ್ ದೇರ್” ಅಂದರೂ ಪೂರ್ತಿ ಸರಿ. ಇದನ್ನು ನಮಗೆ ಯಾರೂ ಒತ್ತಿ ಹೇಳುವುದಿಲ್ಲ.

ಹಿಂದಿಯಲ್ಲಿ ಈ ತೊಡಕಿಲ್ಲ. ಅಲ್ಲಿ “ಜಾತಾ ಥಾ” ಬೇರೆ, “ಜಾ ರಹಾ ಥಾ” ಬೇರೆ. ಅಂದರೆ ಒಂದೇ ಬೆಂಚಿನಲ್ಲಿ ಕೂತ ಇಬ್ಬರಿಗೆ ಒಂದೇ ಪಾಠ ಬೇರೆ ಬೇರೆ ಜಾಗದಲ್ಲಿ ಕಷ್ಟವಾಗುತ್ತದೆ. ಎಲ್ಲರಿಗೂ ಒಂದೇ ವರ್ಕ್‌ಶೀಟ್ ಕೊಟ್ಟು “ಫಿಲ್ ಇನ್ ದಿ ಬ್ಲ್ಯಾಂಕ್ಸ್” ಮಾಡಿಸಿದರೆ ಯಾರ ಕಷ್ಟ ಯಾವುದು ಅಂತ ತಿಳಿಯುವುದು ಹೇಗೆ?

ಇನ್ನು “ವುಡ್”. “ಹಿ ವುಡ್ ಟೆಲ್ ಅಸ್ ಸ್ಟೋರೀಸ್” ಅಂದರೆ “ಕಥೆ ಹೇಳುತ್ತಿದ್ದರು” ಅಂತಲೂ ಆಗುತ್ತದೆ ಅಂದಾಗ ನಮ್ಮಲ್ಲಿ ಹಲವರಿಗೆ ಆಶ್ಚರ್ಯ. “ವುಡ್” ಅಂದರೆ “ಇದ್ದಿದ್ದರೆ, ಆಗಿದ್ದರೆ” ಲೆಕ್ಕದ ಪದ ಅಲ್ವಾ? ಆದರೆ ಕನ್ನಡವೂ ಇದನ್ನೇ ಮಾಡುತ್ತದೆ. “ಮಳೆ ಬರದಿದ್ದರೆ ಹೋಗುತ್ತಿದ್ದೆ” ಅಂತೀವಿ. ರೂಢಿಗೂ “ಹೋಗುತ್ತಿದ್ದೆ”, ನಡೆಯದೇ ಹೋದ ಮಾತಿಗೂ “ಹೋಗುತ್ತಿದ್ದೆ”. ಎರಡು ಸಂಬಂಧವಿಲ್ಲದ ಭಾಷೆಗಳು ಒಂದೇ ಉಪಾಯ ಕಂಡುಕೊಂಡಿವೆ! ಇದು ಗೊತ್ತಾದ ಮೇಲೆ “ವುಡ್” ಪರಕೀಯ ಅನಿಸುವುದಿಲ್ಲ.

“ವುಡ್‌”ಗೆ ಒಂದು ಷರತ್ತಿದೆ. ಯಾವ ಕಾಲದ ಮಾತು ಅಂತ ಮೊದಲೇ ಗೊತ್ತಿರಬೇಕು. ನಮ್ಮ ಆಡುಮಾತಿನ “ಹೋಗೋದು, ತಿನ್ನೋದು” ನೆನಪಿಸಿಕೊಳ್ಳಿ. “ಆಗೆಲ್ಲ ರಜಾ ಬಂತಂದ್ರೆ ಸಾಕು, ಬೆಳಿಗ್ಗೆ ಎದ್ದು ಕೆರೆಗೆ ಹೋಗೋದು, ಮಧ್ಯಾಹ್ನ ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಿನ್ನೋದು.” ಮೊದಲು “ಆಗೆಲ್ಲ ರಜಾ ಬಂತಂದ್ರೆ” ಅಂತ ಹೇಳಿಬಿಟ್ಟರೆ ಆಮೇಲೆ “ಹೋಗೋದು, ತಿನ್ನೋದು” ಸಲೀಸಾಗಿ ಓಡುತ್ತವೆ. ಅದನ್ನು ಬಿಟ್ಟು ಬರೀ “ಕೆರೆಗೆ ಹೋಗೋದು” ಅಂದರೆ “ಯಾವಾಗ ಮಾರಾಯ?” ಅಂತ ಕೇಳುತ್ತಾರೆ. ಇಂಗ್ಲಿಷಿನಲ್ಲೂ ಹೀಗೇ: ಮೊದಲು “ಯೂಸ್ಡ್ ಟು” ಹಾಕಿ ಕಾಲ ಗುರುತಿಸಿ, ಆಮೇಲೆ “ವುಡ್” ಬಳಸಿ ಕಥೆ ಮುಂದುವರಿಸಿ.

ಇನ್ನೊಂದು ಷರತ್ತು. “ನಮ್ಮ ಹತ್ತಿರ ಸೈಕಲ್ ಇತ್ತು” ಅನ್ನುವುದಕ್ಕೆ “ಐ ವುಡ್ ಹ್ಯಾವ್ ಎ ಸೈಕಲ್” ಅನ್ನುವಂತಿಲ್ಲ. “ಯೂಸ್ಡ್ ಟು ಹ್ಯಾವ್” ಅಥವಾ “ಹ್ಯಾಡ್” ಅನ್ನಬೇಕು. ಆದರೆ “ಯಾವಾಗ ಹೋದರೂ ಬಾಗಿಲಲ್ಲಿ ಒಂದು ನಾಯಿ ಇರುತ್ತಿತ್ತು” ಅನ್ನುವಲ್ಲಿ “ದೇರ್ ವುಡ್ ಬಿ ಎ ಡಾಗ್” ಚೆನ್ನಾಗಿ ಒಪ್ಪುತ್ತದೆ. “ಇತ್ತು” ಮತ್ತು “ಇರುತ್ತಿತ್ತು” ಇವೆರಡರ ವ್ಯತ್ಯಾಸ ನಮಗೆ ಹುಟ್ಟಿನಿಂದ ಬಂದಿದೆ. ಹೆಚ್ಚು ಕಡಿಮೆ ಅದೇ ಇಲ್ಲಿಯ ಗುಟ್ಟು.

“ಗೋವಾಗೆ ಮೂರು ಸಲ ಹೋಗಿದ್ದೆವು” ಅಂತೀವೇ ಹೊರತು, ಒಟ್ಟು ಮೂರೇ ಸಲ ಹೋಗಿದ್ದರೆ “ಹೋಗುತ್ತಿದ್ದೆವು” ಅನ್ನುವುದಿಲ್ಲ. ಒಟ್ಟು ಎಷ್ಟು ಸಲ ಅಂತ ಎಣಿಸಿ ಹೇಳುವಾಗ ಇಂಗ್ಲಿಷಿನಲ್ಲೂ “ಯೂಸ್ಡ್ ಟು” ಬರುವುದಿಲ್ಲ, “ವೆಂಟ್ ತ್ರೀ ಟೈಮ್ಸ್” ಸಾಕು. “ಹಾಸ್ಟೆಲ್ ಊಟ ನನಗೆ ರೂಢಿಯಾಗಿದೆ” ಅನ್ನೋದು “ಐ ಆಮ್ ಯೂಸ್ಡ್ ಟು ಹಾಸ್ಟೆಲ್ ಫುಡ್”. ಇಲ್ಲಿ “ನನಗೆ” ಇದೆ, “ನಾನು” ಅಲ್ಲ. “ನಾನು ತಿನ್ನುತ್ತಿದ್ದೆ” ಅನ್ನುವ “ಯೂಸ್ಡ್ ಟು ಈಟ್” ಬೇರೆಯದೇ ಮಾತು. “ಐ ಯೂಸ್ ಟು ಗೆಟ್ ಅಪ್ ಅಟ್ ಸಿಕ್ಸ್” ಅಂತ ಇವತ್ತಿನ ಅಭ್ಯಾಸ ಹೇಳುವುದಂತೂ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ. ದಿನಾ ಏಳ್ತೀನಿ ಅನ್ನೋಕೆ “ಐ ಗೆಟ್ ಅಪ್” ಅಷ್ಟೇ ಸಾಕು. ಬಾಯಲ್ಲಿ ಹೇಳುವಾಗ “ಯೂಸ್ಡ್” ಕೊನೆಯ ಸದ್ದು “ಟು” ಜೊತೆ ಸೇರಿಹೋಗುವುದರಿಂದ ಬರೆಯುವಾಗಲೂ ಆ “ಡಿ” ಅಕ್ಷರ ಬಿಟ್ಟುಹೋಗುತ್ತದೆ. “ಡಿಡ್” ಬಂದಾಗ ಮಾತ್ರ ಅದು ನಿಜಕ್ಕೂ ಬೇಡ: “ಡಿಡ್ ಯು ಯೂಸ್ ಟು ಪ್ಲೇ ಹಿಯರ್?”

“ಇಂಗ್ಲಿಷ್ ಬರಬೇಕಾದರೆ ಇಂಗ್ಲಿಷಿನಲ್ಲೇ ಯೋಚಿಸಿ, ಕನ್ನಡ ಮರೆತುಬಿಡಿ” ಅಂತ ಸಾಫ್ಟ್ ಸ್ಕಿಲ್ಸ್ ಕ್ಲಾಸಿನಲ್ಲಿ ಹೇಳುತ್ತಾರೆ. ಸರಾಗವಾಗಿ ಮಾತಾಡುವ ಹೊತ್ತಿಗೆ ಪದ ಪದವನ್ನೂ ತರ್ಜುಮೆ ಮಾಡುತ್ತಾ ಕೂರಬಾರದು, ಒಪ್ಪುತ್ತೇವೆ. ಆದರೆ ಕನ್ನಡ ಮರೆತರೆ ಈ ತಪ್ಪು ಹೋಗುವುದಿಲ್ಲ. ಅದು ಒಳಗಿಂದ ಬರುತ್ತಲೇ ಇರುತ್ತದೆ, ಎಲ್ಲಿಂದ ಬಂತು ಅನ್ನೋದು ಮಾತ್ರ ಗೊತ್ತಾಗುವುದಿಲ್ಲ. ಡಿಬಗ್ ಮಾಡಬೇಕಾದರೆ ಸೋರ್ಸ್ ಕೋಡ್ ನೋಡಬೇಕು ತಾನೇ?

ಇದು ಹೊಸ ದಾರಿಯೂ ಅಲ್ಲ. 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಕೊಟ್ಟ ಬಿ.ಎಂ.ಶ್ರೀ ಇಂಗ್ಲಿಷ್ ಮೇಷ್ಟ್ರು. ಅಡಿಗ, ಲಂಕೇಶ್, ಅನಂತಮೂರ್ತಿ ಎಲ್ಲರೂ ಇಂಗ್ಲಿಷ್ ಪಾಠ ಮಾಡಿದವರೇ. ಒಂದು ಭಾಷೆಗಾಗಿ ಇನ್ನೊಂದನ್ನು ಅವರು ಬಾಗಿಲ ಹೊರಗೆ ನಿಲ್ಲಿಸಲಿಲ್ಲ. ನಾವು ಮಾತ್ರ ಮೊದಲ ವರ್ಷದಲ್ಲಿ ಒಂದು ಪೀರಿಯಡ್ ಕಮ್ಯುನಿಕೇಟಿವ್ ಇಂಗ್ಲಿಷ್, ಇನ್ನೊಂದು ಪೀರಿಯಡ್ ಸಾಂಸ್ಕೃತಿಕ ಕನ್ನಡ ಓದಿ, ಎರಡಕ್ಕೂ ಪರಿಚಯವೇ ಮಾಡಿಸದೆ ಪಾಸಾಗಿ ಬಂದಿದ್ದೇವೆ.

ಹಾಗಾಗಿ ನಮ್ಮ ಕನ್ನಡ ಸಂಘಕ್ಕೆ ಒಂದು ಸಲಹೆ. ರಾಜ್ಯೋತ್ಸವಕ್ಕೆ ಬಾವುಟ, ಡೊಳ್ಳು, ಡ್ಯಾನ್ಸ್ ಎಲ್ಲ ಇರಲಿ. ಜೊತೆಗೆ ತಿಂಗಳಿಗೆ ಒಂದು ಗಂಟೆ ಒಂದು ಬೋರ್ಡ್, ಎರಡು ಕಾಲಂ ಇಟ್ಟುಕೊಳ್ಳೋಣ. ಎಡಗಡೆ ಕನ್ನಡ ವಾಕ್ಯ, ಬಲಗಡೆ ಅದಕ್ಕೆ ಆಗಬಹುದಾದ ಇಂಗ್ಲಿಷ್ ವಾಕ್ಯಗಳು. ಎಡಗಡೆಯ ಕಾಲಂ ಬರೆಯುವುದರಲ್ಲಿ ಕನ್ನಡ ಮೀಡಿಯಂ ಗೆಳೆಯರು ನಮಗಿಂತ ಒಂದು ಕೈ ಮೇಲು. ಅಲ್ಲಿ ಅವರು ಹೇಳಿಕೊಡಲಿ, ನಾವು ಕಲಿಯೋಣ. ಪ್ಲೇಸ್‌ಮೆಂಟ್ ಸೀಸನ್ ದೂರವಿಲ್ಲ. ಆ ಹೊತ್ತಿಗೆ ಒಬ್ಬರಾದರೂ ಮತ್ತೆ ಕೈ ಎತ್ತಿ ಮಾತಾಡಿದರೆ ಆ ಒಂದು ಗಂಟೆ ಸಾರ್ಥಕ.