ಗುದ್ದಲಿ ಪೂಜೆಯ ಫೋಟೊ ಬಂತು, ಲೆಕ್ಕ ಎಲ್ಲಿ?

ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕಕ್ಕೆ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ಪ್ರತ್ಯೇಕ ಅನುದಾನ ಬರುತ್ತಿದೆ. ಅದರಿಂದ ಆಗುವ ರಸ್ತೆ, ಶಾಲಾ ಕೊಠಡಿಗಳ ಸುದ್ದಿ ಜನರಿಗೆ ಈಗ ಮೊದಲು ಸಿಗುವುದು ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳಲ್ಲಿ. ಸಿಗುವುದಾದರೂ ಏನು? ಗುದ್ದಲಿ ಪೂಜೆ, ಹಾರ, ಶಾಲು. ಮೊತ್ತವೆಷ್ಟು, ಗುತ್ತಿಗೆದಾರ ಯಾರು, ಕೆಲಸ ಮುಗಿಯುವುದು ಯಾವಾಗ ಎಂಬ ಮೂರು ಸಾಲು ಹೆಚ್ಚಾಗಿ ಕಾಣುವುದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಇಂಥದ್ದನ್ನು ಯಾರೂ ಕೇಳದೆಯೇ ಪ್ರಕಟಿಸಿ ಎನ್ನುತ್ತದೆ.

ಕಿತ್ತುಹೋದ ಡಾಂಬರಿನ ವಿಡಿಯೊ ಹಾಕಿದವನಿಗೆ ಊರಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಸಿಗುವುದು ಒಂದು ಹೆಬ್ಬೆರಳು. ಕೆಲವೊಮ್ಮೆ ಗ್ರೂಪಿನಿಂದಲೇ ಗೇಟ್‌ಪಾಸ್! ಸರ್ಕಾರಿ ಸೇವೆಗಳ ‘ಸಕಾಲ’ ಯೋಜನೆಯಲ್ಲಿ ಅರ್ಜಿಗೊಂದು ಸಂಖ್ಯೆ, ಸೇವೆಗೊಂದು ಗಡುವು ಇದೆ. ಮೊಬೈಲಿನಲ್ಲಿ ಬಂದ ದೂರಿಗೂ ಅದೇ ಕಟ್ಟುಪಾಡು ಬೇಕು. ಇಲ್ಲವಾದರೆ ಎಂಜಿನಿಯರ್ ವರ್ಗವಾದ ದಿನ ದೂರೂ ಗಂಟುಮೂಟೆ ಕಟ್ಟುತ್ತದೆ.

ಬೆಂಗಳೂರಿಗೆ ಗುಳೆ ಹೋದವರಿಗೆ ಊರಿನ ಕಿಟಕಿ ಈ ಗ್ರೂಪುಗಳೇ, ನಿಜ. ಆದರೆ ಸ್ಮಾರ್ಟ್‌ಫೋನ್ ಇಲ್ಲದ ಕೂಲಿ ಹೆಣ್ಣುಮಕ್ಕಳು ಅಲ್ಲಿಲ್ಲ. ಮೊಬೈಲಿನಲ್ಲಿ ಬಂದ ದೂರುಗಳನ್ನೂ ಅವಕ್ಕೆ ಸಿಕ್ಕ ಉತ್ತರಗಳನ್ನೂ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಬೇಕು. ಓದುವವರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಆಗಿರಲಿ, ಪಕ್ಕದಲ್ಲಿ ಎಂಜಿನಿಯರ್ ಕೂತಿರಲಿ.