ದರಗಿನ ಹಾವಿಗೆ ಮದ್ದೆಲ್ಲಿ?



ಕಳೆದ ಬೇಸಿಗೆಯಲ್ಲಿ ಕುಟುಂಬ ಸಮೇತ ಬಾದಾಮಿ, ಮಹಾಕೂಟಗಳಿಗೆ ಹೋಗಿದ್ದೆ. ಬಾದಾಮಿಯ ಒಂದನೆಯ ಗುಹೆಯ ಛಾವಣಿಯಲ್ಲಿ ಸುರುಳಿ ಸುತ್ತಿದ ನಾಗರಾಜನನ್ನು ನೋಡಿಕೊಂಡು, ಮಹಾಕೂಟದ ವಿಷ್ಣು ಪುಷ್ಕರಣಿಯಲ್ಲಿ ಕಾಲು ತೊಳೆದು ನೆರಳಿನಲ್ಲಿ ಕುಳಿತಿದ್ದಾಗ ಕುರಿ ಕಾಯುವ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ಹಾವಿನ ಮಾತು ಬಂತು. "ನಮ್ಮ ಕಡೆ ಕಲ್ಲು ಎತ್ತೂಕಿಂತ ಮೊದಲ ಕೋಲಿಲೆ ಬಡೀಬೇಕ್ರೀ. ಮೈ ತಿಕ್ಕಿ ಸದ್ದು ಮಾಡ್ತದ, ಸದ್ದು ಕೇಳಿದ್ರ ಉಳದ್ವಿ" ಎಂದರು. ಅವರು ಹೇಳಿದ್ದು ಉರಿಮಂಡಲದ ವಿಚಾರ.

ಊರಿಗೆ ಮರಳುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಆ ಒಣ ಕಲ್ಲುಗುಡ್ಡದ ಕುರುಬನಿಗೆ ಹಾವು ಕಚ್ಚಿದರೆ ಅದಕ್ಕೆ ತಕ್ಕ ಮದ್ದಾದರೂ ಇದೆ. ಮಳೆ ಸುರಿಯುವ ನಮ್ಮ ಮಲೆನಾಡಿನ ತೋಟದ ಆಳಿಗೆ ಅದೂ ಇಲ್ಲ.

ಕಾರಣ ಹೀಗಿದೆ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಕೊಡುವ ಹಾವಿನ ಪ್ರತಿವಿಷವನ್ನು ನಾಲ್ಕೇ ಹಾವುಗಳ ವಿಷದಿಂದ ತಯಾರಿಸುತ್ತಾರೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಉರಿಮಂಡಲ. ನಮ್ಮ ಕಾಫಿ, ಅಡಿಕೆ ತೋಟಗಳಲ್ಲಿರುವ ಗುಳಿಮಂಡಲಗಳು ಈ ಲೆಕ್ಕದಲ್ಲಿ ಸೇರಿಲ್ಲ. ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವೆ ಒಂದು ಗುಳಿ ಇದ್ದು, ಅದರಿಂದ ಕತ್ತಲೆಯಲ್ಲಿಯೂ ಬಿಸಿರಕ್ತದ ಪ್ರಾಣಿಯ ಶಾಖವನ್ನು ಗುರುತಿಸಬಲ್ಲ ಹಾವುಗಳಿವು.

ಇವುಗಳಲ್ಲಿ ಮಲಬಾರ್ ಗುಳಿಮಂಡಲ ಪಶ್ಚಿಮ ಘಟ್ಟ ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಇಲ್ಲ. 1854ರಲ್ಲಿ ಜೆರ್ಡನ್ ಎಂಬ ವೈದ್ಯ ಇದನ್ನು ಮೊದಲು ವರ್ಣಿಸಿದ. ಹಸಿರು, ಹಳದಿ, ಕಂದು, ಕಿತ್ತಳೆ ಹೀಗೆ ನಾನಾ ಬಣ್ಣಗಳಲ್ಲಿ ಕಾಣಿಸುತ್ತದೆ. ಮಳೆಗಾಲದಲ್ಲಿ ಹಳ್ಳದ ಬಂಡೆಯ ಮೇಲೋ ಪೊದೆಯ ಕೊಂಬೆಯಲ್ಲೋ ಕಪ್ಪೆಗಾಗಿ ಕಾದು ಕುಳಿತಿರುತ್ತದೆ. ಕಚ್ಚಿದರೆ ವಿಪರೀತ ನೋವು, ಬಾವು, ಸಾವು ಅಪರೂಪ. ಹೆಚ್ಚು ಭಯಪಡಬೇಕಾದದ್ದು ಗೂನು ಮೂಗಿನ ಗುಳಿಮಂಡಲಕ್ಕೆ. ಸಾಮಾನ್ಯವಾಗಿ ಒಂದೂವರೆ ಅಡಿ ಮೀರದ, ತರಗೆಲೆಯ ಬಣ್ಣದ ಸಣ್ಣ ಹಾವು. ದರಗಿನಲ್ಲಿ ಮಲಗಿದರೆ ಕಣ್ಣಿಗೆ ಕಾಣುವುದೇ ಇಲ್ಲ. ಇದು ಕಚ್ಚಿದರೆ ರಕ್ತ ಹೆಪ್ಪುಗಟ್ಟುವುದು ತಪ್ಪಬಹುದು, ಮೂತ್ರಪಿಂಡ ಕೆಡಬಹುದು. ಕೇರಳದ ರೋಗಿಗಳನ್ನು ಪರೀಕ್ಷಿಸಿ ವೈದ್ಯರು ಇದನ್ನು ಪ್ರಕಟಿಸಿದ್ದು 2007ರಲ್ಲಿ. ಅಲ್ಲಿಯವರೆಗೆ ಇದು ಅಷ್ಟು ಅಪಾಯದ ಹಾವಲ್ಲವೆಂದೇ ನಂಬಿದ್ದೆವು.

ಹಾಗೆ ನಂಬಿ ಕೆಟ್ಟವರಲ್ಲಿ ನಾನೂ ಒಬ್ಬ. ನಾಲ್ಕು ವರ್ಷದ ಹಿಂದೆ ನಮ್ಮ ತೋಟದಲ್ಲಿ ಉದುರು ಹಣ್ಣು ಆರಿಸುತ್ತಿದ್ದ ಹೆಣ್ಣಾಳಿನ ಬೆರಳಿಗೆ ಇಂಥದೊಂದು ಹಾವು ಕಚ್ಚಿತು. "ಸಣ್ಣ ಹಾವು, ಏನಾಗುತ್ತೆ" ಎಂದು ರಟ್ಟೆಗೆ ಬಿಗಿಯಾಗಿ ಹಗ್ಗ ಕಟ್ಟಿಸಿ ನಾಟಿ ಔಷಧ ಹಚ್ಚಿಸಿದವನು ನಾನೇ. ಮಾರನೆಯ ದಿನ ವಸಡಿನಲ್ಲಿ ರಕ್ತ ಬಂದಾಗ ಆಸ್ಪತ್ರೆಗೆ ಓಡಿದೆವು. ಪ್ರತಿವಿಷ ಕೊಟ್ಟರು, ಅದರಿಂದ ಪ್ರಯೋಜನವಾಗಲಿಲ್ಲ. ತಪ್ಪು ವೈದ್ಯರದಲ್ಲ, ಆ ಸೀಸೆಯಲ್ಲಿ ಈ ಹಾವಿಗೆ ಮದ್ದೇ ಇರಲಿಲ್ಲ. ದೊಡ್ಡ ಊರಿನಲ್ಲಿ ಹಲವು ಸಲ ಡಯಾಲಿಸಿಸ್ ಮಾಡಿಸಿ ಆಕೆ ಬದುಕಿದಳು. ಇಂದಿಗೂ ಹೊರೆ ಕೆಲಸ ಮಾಡಲಾರಳು.

ಕಾಯಿಕೊರಕದ ಭಯದಿಂದ ನೆಲದ ಮೇಲೆ ಒಂದು ಹಣ್ಣೂ ಉಳಿಯಬಾರದೆಂದು ಹೇಳುವವರು ನಾವು. ಮರಗಸಿ ಮಾಡಿ, ಸೊಪ್ಪು ಹಾಸಿ, ದರಗು ಕೊಳೆಸುವವರೂ ನಾವೇ. ಆ ದರಗಿಗೆ ಬರಿಗೈ ಹಾಕುವವರು ಮಾತ್ರ ಬೇರೆಯವರು.

"ಕಂಡ ಹಾವನ್ನೆಲ್ಲ ಹೊಡೆದರಾಯಿತು" ಎನ್ನುವ ಸದಸ್ಯರಿದ್ದಾರೆ. ಕಚ್ಚುವುದು ಕಾಣದ ಹಾವು. ಕಂಡದ್ದನ್ನು ಹೊಡೆದು ಫಲವೇನು? ಕಲ್ಲನಾಗರಕ್ಕೆ ಹಾಲೆರೆದು ಬಂದು, ನಮ್ಮ ಘಟ್ಟದಲ್ಲೇ ಹುಟ್ಟಿ ಇಲ್ಲೇ ಅಳಿಯುವ ಜೀವವನ್ನು ಬಡಿಯುವುದು ಯಾವ ಧರ್ಮ?

ಮಾಡಬೇಕಾದದ್ದು ಬೇರೆ ಇದೆ. ಒಂದು, ಪ್ರತಿ ಆಳಿಗೂ ಗಮ್‌ಬೂಟು, ದಪ್ಪ ಕೈಗವಸು, ದರಗು ಕೆದಕಲು ಒಂದು ಕೋಲು. ಸಂಘವು ಸಗಟು ದರದಲ್ಲಿ ತರಿಸಿ ಗೊಬ್ಬರದಂತೆಯೇ ಸಾಲದ ಲೆಕ್ಕಕ್ಕೆ ಕೊಡಬಹುದು. ಎರಡು, ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಚೀಪುವುದು ಬೇಡ. ಉಂಗುರ, ಬಳೆ ತೆಗೆದು, ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು ನೇರ ಆಸ್ಪತ್ರೆಗೆ ಒಯ್ಯಬೇಕು. ದೂರದಿಂದ ಹಾವಿನ ಫೋಟೋ ಸಿಕ್ಕರೆ ಒಳ್ಳೆಯದು, ಹಿಡಿಯಲು ಹೋಗಬಾರದು.

ಮೂರನೆಯದು ಮುಖ್ಯ. 2000ದಿಂದ 2019ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತರೆಂದು ಅಂದಾಜು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಆದರೆ ನಾಟಿ ಔಷಧದಲ್ಲೇ ಮುಗಿದ ಕಡಿತ ಯಾವ ಲೆಕ್ಕಕ್ಕೂ ಸೇರದು. ಲೆಕ್ಕಕ್ಕೆ ಸೇರದ ಹಾವಿಗೆ ಮದ್ದು ಮಾಡಿರೆಂದು ಕೇಳುವುದು ಹೇಗೆ? ಆದ್ದರಿಂದ ನಮ್ಮ ತೋಟಗಳ ಪ್ರತಿಯೊಂದು ಕಡಿತವೂ ಆಸ್ಪತ್ರೆಯ ದಾಖಲೆಗೆ ಬರಬೇಕು; ಗುಳಿಮಂಡಲಕ್ಕೂ ಪ್ರತಿವಿಷ ಬೇಕೆಂದು ಸಂಘ ಸರ್ಕಾರಕ್ಕೆ ಮನವಿ ಕೊಡಬೇಕು. ತಮಿಳುನಾಡಿನಲ್ಲಿ ಪ್ರತಿವಿಷಕ್ಕಾಗಿ ಆ ನಾಲ್ಕು ಹಾವುಗಳ ವಿಷ ತೆಗೆದುಕೊಡುವ ಇರುಳರ ಸಂಸ್ಥೆ 1978ರಲ್ಲಿ ಹುಟ್ಟಿದ್ದು. ಅದೂ ನಮ್ಮಂತೆ ಒಂದು ಸಹಕಾರ ಸಂಘವೇ. ಬಡ ಇರುಳರು ಒಟ್ಟುಗೂಡಿ ಅಷ್ಟು ಮಾಡಿದ್ದಾರೆ. ಬೆಳೆಗಾರರಾದ ನಾವು ಒಂದು ಮನವಿಗೆ ಸಹಿ ಹಾಕಲಾರೆವೇ?

ಇದು ಕಾರ್ಯದರ್ಶಿಯಾಗಿ ಬರೆದದ್ದಲ್ಲ, ನನ್ನ ಸ್ವಂತ ಅಭಿಪ್ರಾಯ. ಮುಂದಿನ ಮಹಾಸಭೆಯಲ್ಲಿ ನಿರ್ಣಯವಾಗಿ ಮಂಡಿಸುವವನಿದ್ದೇನೆ. ಕುಯ್ಲು ಶುರುವಾಗುವ ಮುನ್ನ ಸದಸ್ಯ ಬಾಂಧವರು ಯೋಚಿಸಿ ಬರಬೇಕೆಂದು ವಿನಂತಿ.