ಬೇಸಿಗೆಯ ರಜೆಯೂ ಬಡವರ ಮಕ್ಕಳೂ

ರಜೆ ಎಂಬ ಮಾತು ಎಲ್ಲ ಮಕ್ಕಳ ಕಿವಿಗೂ ಒಂದೇ ಬಗೆಯಾಗಿ ಕೇಳಿಸುವುದೆಂದು ನಾವು ನಂಬಿಕೊಂಡಿದ್ದೇವೆ. ಅಜ್ಜಿಯ ಮನೆ, ಮಾವಿನ ತೋಪು, ಊರ ಕೆರೆ ಇವು ನಮ್ಮ ಪ್ರಬಂಧಕಾರರು ಬಣ್ಣಿಸಿದ ರಜೆಯ ಚಿತ್ರಗಳು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಬಡ ಮನೆಯ ಹುಡುಗನಿಗೆ ಆ ಮಾತಿನ ಅರ್ಥವೇ ಬೇರೆ. ತೊಗರಿಯ ರಾಶಿ ಮುಗಿದು ತಿಂಗಳುಗಳು ಕಳೆದಿರುತ್ತವೆ, ಮಳೆ ಇನ್ನೂ ದೂರ, ಹೊಲದಲ್ಲಿ ಕೆಲಸವಿಲ್ಲ. ತಂದೆತಾಯಿಗಳು ಪರಸಿ ಕಲ್ಲಿನ ಗಣಿಗೆ ಇಳಿಯಬೇಕು, ಇಲ್ಲವೆ ಗಂಟು ಕಟ್ಟಿಕೊಂಡು ಹೈದರಾಬಾದು, ಪುಣೆ, ಮುಂಬಯಿಗಳ ದಾರಿ ಹಿಡಿಯಬೇಕು. ಶಾಲೆಯ ಬಾಗಿಲು ಮುಚ್ಚಿದೊಡನೆ ಹುಡುಗನೂ ಅವರ ಬೆನ್ನ ಹಿಂದೆ ನಡೆಯುತ್ತಾನೆ. ಬಾಗಿಲು ಮತ್ತೆ ತೆರೆದಾಗ ಅವನು ಹಿಂದಿರುಗುವನೆಂಬ ಭರವಸೆಯಿಲ್ಲ.

ಈ ನೆಲವೇನೂ ಬಡವಾದುದಲ್ಲ. ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವಾದ 'ಕವಿರಾಜಮಾರ್ಗ' ಹುಟ್ಟಿದ್ದು ನೃಪತುಂಗನ ಆಸ್ಥಾನದಲ್ಲಿ. ಇಂದು ಇದೇ ಸೀಮೆಯ ಸುಣ್ಣಕಲ್ಲು ವಾಡಿ, ಸೇಡಂ, ಮಳಖೇಡಗಳ ಕಾರ್ಖಾನೆಗಳಲ್ಲಿ ಸಿಮೆಂಟಾಗಿ ದೂರದ ನಗರಗಳನ್ನು ಕಟ್ಟುತ್ತಿದೆ. ಆದರೂ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿದಾಗ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ ಪಟ್ಟಿಯಲ್ಲಿ ಸೇರಿದ್ದುವು. ಮುಂದೆ ಸಂವಿಧಾನಕ್ಕೆ 371ಜೆ ವಿಧಿ ಸೇರಿತು. ಶಿಕ್ಷಣದಲ್ಲಿಯೂ ನೌಕರಿಯಲ್ಲಿಯೂ ಈ ಭಾಗದವರಿಗೆ ಮೀಸಲಾತಿ ದೊರೆಯಿತು. ಆದರೆ ಮೀಸಲಾತಿಯ ಫಲ ಮೆಟ್ಟಿಲೇರಿದವನಿಗೆ. ಹತ್ತನೆಯ ತರಗತಿಯ ಹೊಸ್ತಿಲಲ್ಲೇ ಎಡವಿದವನಿಗೆ ಅದರಿಂದ ಏನು ದೊರೆತೀತು?

ಎಡವಿದವರು ಎಷ್ಟು ಮಂದಿ ಎಂಬುದನ್ನು 2025ರ ಎಸ್ಸೆಸ್ಸೆಲ್ಸಿ ಫಲಿತಾಂಶ ಹೇಳಿತು. ದಕ್ಷಿಣ ಕನ್ನಡ ಶೇಕಡಾ 91.12 ಪಡೆದು ಮೊದಲ ಸ್ಥಾನದಲ್ಲಿತ್ತು. ಕಲಬುರಗಿ ಶೇಕಡಾ 42.43 ಪಡೆದು ಕೊನೆಯ ಸ್ಥಾನದಲ್ಲಿತ್ತು. ಫಲಿತಾಂಶ ಹೊರಬಿದ್ದುದು ಮೇ 2ರಂದು. ಎರಡನೆಯ ಪರೀಕ್ಷೆ ಆರಂಭವಾದುದು ಮೇ 26ರಂದು. ನಡುವೆ ಉಳಿದುದು 24 ದಿನ. ಅನುತ್ತೀರ್ಣನಾದ ವಿದ್ಯಾರ್ಥಿಯ ಭವಿಷ್ಯವೆಲ್ಲ ಆ 24 ದಿನಗಳಲ್ಲಿ ಅಡಗಿತ್ತು. ಪಟ್ಟಣದ ಹುಡುಗ ಆಗ ಮನೆಪಾಠಕ್ಕೆ ಹೋದಾನು. ತಾಂಡಾದ ಹುಡುಗ ಹೋಗುವುದು ದುಡಿಮೆಗೆ.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ? 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯಂತೆ 14 ವರ್ಷ ತುಂಬದವರನ್ನು ದುಡಿಸಿಕೊಳ್ಳಕೂಡದು. ಆದರೆ ಅಪಾಯವಿಲ್ಲದ ಮನೆತನದ ಕಸುಬಿನಲ್ಲಿ ಅವರು ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ನೆರವಾಗಬಹುದು. 14ರಿಂದ 18ರವರೆಗಿನವರಿಗೆ ಗಣಿಯೂ ಅಪಾಯಕರ ಕೆಲಸಗಳೂ ನಿಷಿದ್ಧ. ಇದು ನ್ಯಾಯವೇ ಸರಿ. ಆದರೆ ಶಹಾಬಾದಿನಲ್ಲಿ ಕಣ್ಣೆದುರಿಗಿರುವುದು ಗಣಿ, ವಾಡಿಯಲ್ಲಿ ಸಿಮೆಂಟು. ಅಲ್ಲಿ ಹೋಗಬೇಡವೆಂದ ಕಾನೂನು ಎಲ್ಲಿ ಹೋಗಬೇಕೆಂಬುದನ್ನು ಹೇಳಲಿಲ್ಲ. ನಿಷೇಧಿಸಿ ಸುಮ್ಮನಾದರೆ ಹುಡುಗ ದುಡಿಮೆಯನ್ನು ಬಿಡುವುದಿಲ್ಲ. ಯಾರೂ ಕಾಣದ ಕಡೆ ದುಡಿಯುತ್ತಾನೆ.

ಪ್ರಯತ್ನಗಳೇ ನಡೆದಿಲ್ಲವೆನ್ನುವುದು ಅನ್ಯಾಯವಾದೀತು. 2024ರ ಬರಗಾಲದಲ್ಲಿ ಬರಪೀಡಿತ ತಾಲೂಕುಗಳ ಶಾಲೆಗಳಲ್ಲಿ ರಜೆಯ ದಿನಗಳಲ್ಲಿಯೂ ಬಿಸಿಯೂಟ ನೀಡುವ ವ್ಯವಸ್ಥೆಯಾಯಿತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಬೇಸಿಗೆಯ ಶಿಬಿರಗಳು ನಡೆದಿವೆ. ಇವು ಚಿಕ್ಕ ಮಕ್ಕಳಿಗೆ ಒದಗಿದುವು. ಹದಿನಾರು ಹದಿನೇಳರ ತರುಣನನ್ನು ಹಾಡು, ಬಣ್ಣದ ಕಾಗದಗಳಿಂದ ಹಿಡಿದು ನಿಲ್ಲಿಸಲಾಗದು. ಅವನ ಮನೆಯವರು ಅವನ ಕೈಯಿಂದ ನಾಲ್ಕು ಕಾಸು ನಿರೀಕ್ಷಿಸುತ್ತಾರೆ.

ಓದೂ ಸಂಪಾದನೆಯೂ ಒಂದೇ ಸೂರಿನಡಿ ಇರಬಾರದೆ? ಇದು ಹೊಸ ಕಲ್ಪನೆಯಲ್ಲ. ಅಮೆರಿಕೆಯು ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, 1935ರಲ್ಲಿ, ರಾಷ್ಟ್ರೀಯ ಯುವಜನ ಆಡಳಿತವೆಂಬ ಸಂಸ್ಥೆಯನ್ನು ತೆರೆದು, ಬಡ ವಿದ್ಯಾರ್ಥಿಗಳು ಓದು ಬಿಡದಂತೆ ಅರೆಕಾಲದ ಕೆಲಸಕ್ಕೆ ಕೂಲಿ ಕೊಟ್ಟಿತು. ನ್ಯೂಯಾರ್ಕ್ ನಗರದಲ್ಲಿ ಇಂದಿಗೂ ಬೇಸಿಗೆಯ ಉದ್ಯೋಗಕ್ಕೆ ತರುಣರನ್ನು ಚೀಟಿ ಎತ್ತಿ ಆರಿಸುತ್ತಾರೆ. ಅದನ್ನು ಪರೀಕ್ಷಿಸಿದ ಅರ್ಥಶಾಸ್ತ್ರಜ್ಞರು ಕಂಡುದು ವಿಚಾರಾರ್ಹ: ಮುಂದಿನ ವರ್ಷಗಳ ಸಂಪಾದನೆ ಅದರಿಂದ ಹೆಚ್ಚಲಿಲ್ಲ, ಕಾಲೇಜು ಸೇರುವವರ ಸಂಖ್ಯೆಯೂ ಏರಲಿಲ್ಲ, ಆದರೆ ಸೆರೆಮನೆ ಸೇರುವವರೂ ಅಕಾಲ ಮರಣಕ್ಕೆ ತುತ್ತಾಗುವವರೂ ಕಡಿಮೆಯಾದರು. ಎಂದರೆ ಬರಿಯ ಕೆಲಸ ಹುಡುಗನನ್ನು ಕಾಯುತ್ತದೆ, ಮೇಲೇರಿಸುವುದಿಲ್ಲ. ಮೇಲೇರಿಸಬೇಕಾದರೆ ಜೊತೆಗೆ ಪಾಠವೂ ಬೇಕು.

ಆದುದರಿಂದ ನಮಗೆ ಬೇಕಾದುದು ಇಷ್ಟು: ಬಿಸಿಲೇರುವ ಮುನ್ನ ಎರಡು ಮೂರು ಗಂಟೆ ನೆರಳಿನ ಕೆಲಸ, ಅದಕ್ಕೆ ತಕ್ಕ ಕೂಲಿ, ಮಧ್ಯಾಹ್ನ ಊಟ, ಆಮೇಲೆ ಗಣಿತ, ವಿಜ್ಞಾನ, ಇಂಗ್ಲಿಷುಗಳ ಪಾಠ. ಗ್ರಂಥಾಲಯದ ಪುಸ್ತಕಗಳಿಗೆ ಹೊದಿಕೆ ಹಾಕುವುದು, ಕಿರಿಯರಿಗೆ ಅಕ್ಷರ ಕಲಿಸುವುದು, ಸಸಿಗಳಿಗೆ ಚೀಲ ತುಂಬುವುದು, ಮಳಖೇಡದ ಕೋಟೆಯನ್ನು ನೋಡಬಂದವರಿಗೆ ದಾರಿ ತೋರುವುದು ಇವೆಲ್ಲ ಹದಿನಾರರ ಕೈಗೆ ಒಪ್ಪುವ ಕೆಲಸಗಳೇ. ಇದು ಬಾಲದುಡಿಮೆಗೆ ಹಿತ್ತಿಲ ಬಾಗಿಲಾದೀತೆಂಬ ಶಂಕೆ ನ್ಯಾಯವಾದುದು. ವಯಸ್ಸು, ಗಂಟೆ, ಕೆಲಸ ಮೂರನ್ನೂ ಗೋಡೆಯ ಮೇಲೆ ಬರೆದು ತೂಗುಹಾಕುವುದೇ ಅದಕ್ಕೆ ಉತ್ತರ. ಉಪಾಧ್ಯಾಯರ ರಜೆಯನ್ನೂ ಕಸಿಯಬೇಕಾಗಿಲ್ಲ; ಓದು ಮುಗಿಸಿ ಕುಳಿತ ಪದವೀಧರರು ಊರೂರಲ್ಲಿದ್ದಾರೆ, ಅವರಿಗೂ ಸಂಬಳ ಕೊಡಲಿ.

ಹಣವೆಲ್ಲಿಯದೆಂದು ಕೇಳುವವರು ನೆಲವನ್ನು ನೋಡಲಿ. 2015ರ ತಿದ್ದುಪಡಿಯಂತೆ ಹಳೆಯ ಗಣಿಗುತ್ತಿಗೆದಾರರು ರಾಜಧನದ ಶೇಕಡಾ 30ರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡಬೇಕು. ಅದನ್ನು ವ್ಯಯಿಸತಕ್ಕ ಆದ್ಯತೆಯ ಬಾಬುಗಳಲ್ಲಿ ಶಿಕ್ಷಣವೂ ಕೌಶಲವೂ ಸೇರಿವೆ. ಸುಣ್ಣಕಲ್ಲು ಕೊಟ್ಟ ಹಣ ಸುಣ್ಣಕಲ್ಲಿನ ಊರಿನ ಮಕ್ಕಳಿಗೆ ಬೇಸಿಗೆಯಲ್ಲಿ ಒಂದು ಊಟ, ಒಂದು ಪಾಠ, ಸ್ವಲ್ಪ ಕೂಲಿಯಾಗಿ ಹಿಂದಿರುಗುವುದು ಔದಾರ್ಯವಲ್ಲ, ಸಾಲ ತೀರಿಸಿದಂತೆ. ಇಲ್ಲಿ ಅಗೆದ ಕಲ್ಲು ಊರು ಬಿಟ್ಟು ಹೋಗುತ್ತದೆ. ಇಲ್ಲಿ ಹುಟ್ಟಿದ ಮಗುವೂ ಪ್ರತಿ ಬೇಸಿಗೆಯಲ್ಲಿ ಹಾಗೆಯೇ ಹೋಗಬೇಕೆ?